ಕೆಟ್ಟ ಸುದ್ದಿ ಬೋರ್ಡ್ ತನಕ ಬರಬೇಕು: ಕಂಪನಿಯ ಸಂಸ್ಕೃತಿ ಕಟ್ಟಲು ನಿರ್ದೇಶಕರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ಅದರ ಸ್ವತಂತ್ರ ನಿರ್ದೇಶಕರೊಬ್ಬರ (ಮಾಲೀಕರಿಗೂ ಆಡಳಿತಕ್ಕೂ ಸಂಬಂಧವಿಲ್ಲದ ಹೊರಗಿನ ನಿರ್ದೇಶಕರು) ಜೊತೆ ಹೋಗಿದ್ದೆ. ನಾನು ಕಂಪನಿ ಸೆಕ್ರೆಟರಿ. ಬೋರ್ಡ್ (ನಿರ್ದೇಶಕರ ಮಂಡಳಿ) ಮೀಟಿಂಗಿಗೆ ಅಜೆಂಡಾ ಕಳಿಸುವುದು, ಅಲ್ಲಿ ನಡೆದದ್ದನ್ನು ದಾಖಲಿಸುವ ಮಿನಿಟ್ಸ್ ಬರೆಯುವುದು ನನ್ನ ದಿನನಿತ್ಯದ ಕೆಲಸ. ಆ ಕಾರ್ಖಾನೆಯ ಕ್ಯಾಂಟೀನ್ ಬಾಗಿಲ ಪಕ್ಕ ಗೋಡೆಗೆ ಒಂದು ತಗಡಿನ ದೂರು ಪೆಟ್ಟಿಗೆ ಹೊಡೆದಿದ್ದರು. ಅದರ ನೆತ್ತಿಯ ಮೇಲೇ ಸಿಸಿಟಿವಿ ಕ್ಯಾಮೆರಾ. ಬೀಗದ ಕೈ ಎಲ್ಲಿದೆ ಎಂದು ಕೇಳಿದೆವು. ಪ್ಲಾಂಟ್ ಮ್ಯಾನೇಜರ್ ಮೇಜಿನ ಡ್ರಾಯರ್‌ನಿಂದ ಬಂತು. ತೆಗೆದು ನೋಡಿದರೆ ಒಳಗೆ ಜೇಡರ ಬಲೆ, ಎರಡು ಚಾಕೊಲೇಟ್ ಕಾಗದ. ಆ ಕಂಪನಿಯ ಬೋರ್ಡ್ ಕಡತದಲ್ಲಿ ಮೂರು ವರ್ಷದಿಂದ ‘ಬಂದ ದೂರುಗಳು: ಶೂನ್ಯ’ ಎಂದೇ ಇತ್ತು. ಆ ಸಾಲನ್ನು ಮಿನಿಟ್ಸ್‌ನಲ್ಲಿ ಬರೆದವಳು ನಾನೇ.

ಅವತ್ತಿನಿಂದ ಕಂಪನಿಯ ಸಂಸ್ಕೃತಿ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಪೆಟ್ಟಿಗೆ ಕಣ್ಣ ಮುಂದೆ ಬರುತ್ತದೆ. ಕೆಳಗೆ ನಡೆದ ತಪ್ಪು ಎಷ್ಟು ಬೇಗ ಮೇಲೆ ಬರುತ್ತದೆ? ದಾರಿಯಲ್ಲಿ ಎಷ್ಟು ಸವೆಯುತ್ತದೆ? ಹೇಳಿದವರ ಗತಿ ಏನಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಕಂಪನಿ ಹೇಗಿದೆ ಅಂತ ಬಹುಪಾಲು ತಿಳಿದ ಹಾಗೆಯೇ. ಗೋಡೆಯ ಮೇಲಿನ ಮೌಲ್ಯಗಳ ಬೋರ್ಡ್, ವರ್ಷಕ್ಕೊಂದು ಟೀಮ್ ಔಟಿಂಗ್, ಹಬ್ಬದ ದಿನದ ರಂಗೋಲಿ ಸ್ಪರ್ಧೆ ಎಲ್ಲವೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಿರ್ದೇಶಕರ ಕೆಲಸ ಶುರುವಾಗುವುದು ಆ ಮೂರು ಪ್ರಶ್ನೆಗಳಿಂದ.

ದಾರಿ ಮುಚ್ಚಿದ್ದರೆ ಏನಾಗುತ್ತದೆ ಎಂದು ನಮ್ಮ ಕೋಲಾರ ಜಿಲ್ಲೆಯೇ ನೋಡಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ಸಾಮಾನು ಪುಡಿ ಮಾಡಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದ ಹುಡುಗ ಹುಡುಗಿಯರು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಎಂದು ಒಂದು ವಾರದ ಬಳಿಕ ಕಂಪನಿಯೇ ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ವಿಸ್ಟ್ರಾನನ್ನು ಪ್ರೊಬೇಷನ್‌ನಲ್ಲಿ, ಅಂದರೆ ತಪ್ಪು ತಿದ್ದಿಕೊಳ್ಳುವ ತನಕ ನಿಗಾದಲ್ಲಿ, ಇಟ್ಟಿತು. ಸಂಬಳ ಕಡಿಮೆ ಬಂತು ಎಂಬ ಮಾತು ಕಲ್ಲಿನ ರೂಪದಲ್ಲಿ ಮೇಲೆ ಹೋಗಬೇಕಾಯಿತು. ಹಿಂಸೆ ತಪ್ಪೇ. ಆದರೆ ಆ ಮಾತು ಬಾಯಿಂದಲೇ ಮೇಲೆ ಹೋಗುವ ಹಾಗೆ ದಾರಿ ಮಾಡಿಡುವುದು ಯಾರ ಹೊಣೆ? ನಾನು ಬೋರ್ಡಿನದು ಅನ್ನುತ್ತೇನೆ.

ಪೀಣ್ಯ, ಬೊಮ್ಮಸಂದ್ರದ ಮಧ್ಯಮ ಗಾತ್ರದ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗೂ ಕ್ರಮ ಇದೇ.

ಹಂತ 1: ಇದು ಬೋರ್ಡಿನ ಕೆಲಸ ಎಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ

‘ಅದು ಎಚ್‌ಆರ್ ನೋಡ್ಕೊಳ್ತಾರೆ ಬಿಡಿ’ ಎಂಬ ಮಾತು ಎಷ್ಟೋ ಮೀಟಿಂಗುಗಳಲ್ಲಿ ಕೇಳಿದ್ದೇನೆ. ಕಾನೂನು ಹಾಗೆ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಇವೆಲ್ಲದರ ಹಿತವನ್ನೂ ನೋಡಬೇಕು. ಬ್ರಿಟನ್ನಿನ ಕಾರ್ಪೊರೇಟ್ ಆಡಳಿತ ಸಂಹಿತೆ ಇನ್ನೂ ನೇರವಾಗಿದೆ. ಕಂಪನಿಯ ಉದ್ದೇಶ, ಮೌಲ್ಯ, ಕಾರ್ಯತಂತ್ರಗಳನ್ನು ಬೋರ್ಡೇ ನಿಗದಿ ಮಾಡಬೇಕು, ಸಂಸ್ಕೃತಿ ಅವಕ್ಕೆ ಹೊಂದುತ್ತಿದೆ ಎಂದು ತಾನೇ ಖಾತ್ರಿ ಮಾಡಿಕೊಳ್ಳಬೇಕು ಎನ್ನುತ್ತದೆ.

ಒಂದು ಚಿಕ್ಕ ನಿರ್ಣಯ ಮಾಡಿ. ಸಂಸ್ಕೃತಿಯ ಹೊಣೆ ಇಡೀ ಬೋರ್ಡಿನದು, ಒಬ್ಬ ನಿರ್ದೇಶಕರು ಅದರ ಬೆನ್ನು ಹತ್ತುತ್ತಾರೆ, ಪ್ರತಿ ಮೀಟಿಂಗಿನಲ್ಲೂ ಅದು ಅಜೆಂಡಾದಲ್ಲಿ ಇರುತ್ತದೆ ಎಂದು ಬರೆಯಿರಿ. ವರ್ಷಕ್ಕೆ ಕನಿಷ್ಠ 4 ಬೋರ್ಡ್ ಮೀಟಿಂಗ್ ಕಡ್ಡಾಯ, ಎರಡರ ನಡುವೆ 120 ದಿನ ಮೀರುವಂತಿಲ್ಲ. ಅಂದರೆ ಕೈಯಲ್ಲಿರುವುದು ನಾಲ್ಕೇ ಅವಕಾಶ ಅಂತಿಟ್ಟುಕೊಳ್ಳಿ. ಜನರ ವಿಷಯ ಸಾಮಾನ್ಯವಾಗಿ ಕೊನೆಯ ಐಟಂ. ಅಷ್ಟು ಹೊತ್ತಿಗೆ ಊಟದ ವಾಸನೆ ಬಂದಿರುತ್ತದೆ, ಯಾರಿಗೋ ಫ್ಲೈಟ್ ಇರುತ್ತದೆ. ಅದನ್ನು ಹಣಕಾಸಿನ ಫಲಿತಾಂಶಕ್ಕಿಂತ ಮೊದಲಿಗೆ ತನ್ನಿ. ಖರ್ಚಿಲ್ಲದ ಬದಲಾವಣೆ ಇದು. ಆದರೆ ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್) ಅದಕ್ಕೆ ತಯಾರಾಗಿ ಬರಲು ಶುರು ಮಾಡುತ್ತಾರೆ.

ಅಮೆರಿಕದ ಬೋಯಿಂಗ್ ಪಾಠವನ್ನು ಇಲ್ಲಿ ನೆನೆಯಬೇಕು. 2018 ಮತ್ತು 2019ರಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ಆಮೇಲೆ ಷೇರುದಾರರು ಹೂಡಿದ ದಾವೆಯಲ್ಲಿ ಅಲ್ಲಿನ ಡೆಲವೇರ್ ರಾಜ್ಯದ ನ್ಯಾಯಾಲಯ ಗಮನಿಸಿದ್ದು ಒಂದು ಸರಳ ಸಂಗತಿ. ವಿಮಾನದ ಸುರಕ್ಷತೆ ನೋಡುವ ಕಮಿಟಿ ಆ ಬೋರ್ಡಿನಲ್ಲಿ ಇರಲಿಲ್ಲ, ಸುರಕ್ಷತೆ ಅಜೆಂಡಾದಲ್ಲಿ ನಿಯಮಿತವಾಗಿ ಬರುತ್ತಿರಲಿಲ್ಲ. ವಿಮಾನ ಮಾಡುವ ಕಂಪನಿ ಅದು! 2021ರಲ್ಲಿ ಆ ದಾವೆ 23.75 ಕೋಟಿ ಡಾಲರ್‌ಗೆ ರಾಜಿಯಾಯಿತು. ನಿಮ್ಮ ಕಂಪನಿಯಲ್ಲಿ ಯಾವ ತಪ್ಪಾದರೆ ಜೀವ ಹೋಗುತ್ತದೆ, ಯಾರದೋ ಉಳಿತಾಯ ಮುಳುಗುತ್ತದೆ? ಅದು ಪ್ರತಿ ಅಜೆಂಡಾದಲ್ಲೂ ಇರಲೇಬೇಕು.

ಹಂತ 2: ಮೌಲ್ಯಗಳನ್ನು ನಡವಳಿಕೆಯ ಮಟ್ಟಕ್ಕೆ ಇಳಿಸಿ

ಇದಕ್ಕೆ ಒಂದು ಮಧ್ಯಾಹ್ನ ಸಾಕು. ಮೂರೋ ನಾಲ್ಕೋ ಮೌಲ್ಯ ಇಟ್ಟುಕೊಳ್ಳಿ. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ ಬರೆಯಿರಿ: ಇದಕ್ಕಾಗಿ ನಾವು ಏನನ್ನು ಕಳೆದುಕೊಳ್ಳಲು ತಯಾರಿದ್ದೇವೆ? ‘ಗುಣಮಟ್ಟವೇ ಮೊದಲು’ ಅಂದರೆ, ತಿಂಗಳ ಕೊನೆಯ ದಿನ ಲಾರಿ ಗೇಟಿನಲ್ಲಿ ನಿಂತಿದ್ದರೂ ಅನುಮಾನ ಬಂದ ಸರಕನ್ನು ಕ್ವಾಲಿಟಿ ಇನ್‌ಸ್ಪೆಕ್ಟರ್ ತಡೆಯಬಹುದು, ಅವರನ್ನು ಯಾರೂ ಬೈಯುವಂತಿಲ್ಲ. ‘ಪ್ರಾಮಾಣಿಕತೆ’ ಅಂದರೆ, ಲಂಚ ಕೊಟ್ಟರಷ್ಟೇ ಸಿಗುವ ಆರ್ಡರ್ ನಮಗೆ ಬೇಡ, ಅದರಿಂದ ತಪ್ಪಿದ ಟಾರ್ಗೆಟ್ಟನ್ನು ಸೇಲ್ಸ್ ಹುಡುಗನ ತಲೆಗೆ ಕಟ್ಟುವುದಿಲ್ಲ. ಕಳೆದುಕೊಳ್ಳಲು ಏನೂ ತಯಾರಿಲ್ಲದ ಮೌಲ್ಯವನ್ನು ಪಟ್ಟಿಯಿಂದ ತೆಗೆದುಬಿಡಿ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಜನ ಬೇಗ ಕಂಡುಹಿಡಿಯುತ್ತಾರೆ.

ಬರೆದದ್ದನ್ನು ಕನ್ನಡದಲ್ಲೂ, ಕಾರ್ಖಾನೆಯಲ್ಲಿ ಆಡುವ ಬೇರೆ ಭಾಷೆಗಳಲ್ಲೂ ಕೊಡಿ. ಇಂಗ್ಲಿಷಿನಲ್ಲಷ್ಟೇ ಇರುವ ನೀತಿಸಂಹಿತೆ ಲೈನಿನಲ್ಲಿ ಕೂತವರಿಗೆ ಇಲ್ಲದ ಹಾಗೆಯೇ ಅಲ್ವಾ?

ಹಂತ 3: ಈಗ ಒಳಗೆ ಹೇಗಿದೆ ಎಂದು ನೀವೇ ನೋಡಿ

ಇಲ್ಲಿ ಜಾಸ್ತಿ ಸಮಯ ಹಾಕಿ. ಎರಡು ದಾರಿಯಿಂದ ನೋಡಬೇಕು: ಕಾಗದ ಮತ್ತು ಕಾಲ್ನಡಿಗೆ.

ಕಾಗದ ಅಂದರೆ ಒಂದೇ ಪುಟ, 40 ಸ್ಲೈಡ್ ಅಲ್ಲ. ಅದರಲ್ಲಿ ಇವು ಇರಲಿ:

- ಕೆಲಸ ಬಿಟ್ಟವರು ಎಷ್ಟು, ಯಾವ ವಿಭಾಗದಿಂದ, ಯಾವ ಮೇಲಧಿಕಾರಿಯ ಕೆಳಗಿಂದ. ಸೇರಿದ 6 ತಿಂಗಳೊಳಗೆ ಬಿಟ್ಟವರ ಲೆಕ್ಕ ಬೇರೆಯಾಗಿ.
- ಓಟಿ (ಹೆಚ್ಚುವರಿ ದುಡಿಮೆ) ಎಷ್ಟು ಗಂಟೆ, ಅದರ ದುಡ್ಡು ಪೂರ್ತಿ ಸಂದಿದೆಯೇ. ಸಂಬಳ ಯಾವ ತಾರೀಖಿಗೆ ಆಯಿತು.
- ಅಪಘಾತ, ಜೊತೆಗೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತ.
- ಲೈಂಗಿಕ ಕಿರುಕುಳದ ದೂರುಗಳು, ಅವು ಮುಗಿಯಲು ತೆಗೆದುಕೊಂಡ ದಿನಗಳು.
- ಸಣ್ಣ ಪೂರೈಕೆದಾರರಿಗೆ 45 ದಿನ ಮೀರಿ ಬಾಕಿ ಉಳಿಸಿದ ಬಿಲ್ಲುಗಳು.

ಗುತ್ತಿಗೆ ಕಾರ್ಮಿಕರನ್ನು ಸೇರಿಸಿಯೇ ಈ ಲೆಕ್ಕ ಕೇಳಿ. ಇಲ್ಲದಿದ್ದರೆ ಅರ್ಧ ಕಾರ್ಖಾನೆ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯ ಕೊನೆಯ ಅಂಶ ಯಾಕೆ ಅಂತ ಕೆಲವರು ಕೇಳುತ್ತಾರೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬುದು 2006ರ ಕಾಯ್ದೆಯ ಮಾತು. ಪೀಣ್ಯದ ಎರಡನೇ ಹಂತದಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರ ಬಿಲ್ಲನ್ನು 5 ತಿಂಗಳು ಎಳೆಯುವ ಕಂಪನಿ, ತನಗಿಂತ ಸಣ್ಣವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಆ ಒಂದು ಅಂಕಿಯಲ್ಲೇ ಹೇಳಿಕೊಂಡಿರುತ್ತದೆ.

ಒಂದು ಎಚ್ಚರ. ಸೊನ್ನೆ ಕಂಡರೆ ಸಮಾಧಾನಪಡಬೇಡಿ. 600 ಜನ ಇರುವಲ್ಲಿ ವರ್ಷಪೂರ್ತಿ ಒಂದೂ ದೂರಿಲ್ಲ ಅಂದರೆ ದೂರಿಗೆ ದಾರಿಯಿಲ್ಲ ಎಂದೇ ಮೊದಲು ಅನುಮಾನಿಸಿ. ಅಂಕಿ ಏರಿದರೆ ‘ಯಾಕೆ ಏರಿತು’ ಎಂದು ಗದರುವ ಮುಂಚೆ, ಜನಕ್ಕೆ ಹೇಳುವ ಧೈರ್ಯ ಬಂದಿದೆಯೇ ಎಂದು ಯೋಚಿಸಿ.

ಇನ್ನು ಕಾಲ್ನಡಿಗೆ. ವರ್ಷಕ್ಕೆ ಎರಡು ಸಲವಾದರೂ ಪ್ರತಿ ನಿರ್ದೇಶಕರೂ ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು. ಹಾರ, ಶಾಲು, ಸ್ವಾಗತ ಭಾಷಣ ಬೇಡ ಎಂದು ಮೊದಲೇ ಹೇಳಿ. ಹೊಸದಾಗಿ ಬಳಿದ ಸುಣ್ಣದ ವಾಸನೆ ಬಂದರೆ ಇನ್ನೊಮ್ಮೆ ಎರಡನೇ ಶಿಫ್ಟಿನಲ್ಲಿ ಹೋಗಿ. ಕ್ಯಾಂಟೀನಿನಲ್ಲಿ ಅದೇ ಸಾಲಿನಲ್ಲಿ ನಿಂತು ಅದೇ ಊಟ ಮಾಡಿ. ಹೆಂಗಸರ ಶೌಚಾಲಯದಲ್ಲಿ ನೀರಿದೆಯೇ, ಚಿಲಕ ಇದೆಯೇ ಎಂದು ಮಹಿಳಾ ನಿರ್ದೇಶಕರು ನೋಡಲಿ. ನನ್ನ ಅನುಭವದಲ್ಲಿ, ಆ ಚಿಲಕ ಹೇಳುವಷ್ಟನ್ನು ಯಾವ ಸರ್ವೆಯೂ ಹೇಳುವುದಿಲ್ಲ.

ಮಾತಾಡಿಸುವಾಗ ‘ಎಲ್ಲ ಚೆನ್ನಾಗಿದೆಯಾ’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎಂದೇ ಬರುತ್ತದೆ. ಹೀಗೆ ಕೇಳಿ: ಹೋದ ತಿಂಗಳ ಸಂಬಳ ಯಾವ ತಾರೀಖು ಬಂತು? ಕೊನೆಯ ಸಲ ಲೈನ್ ನಿಲ್ಲಿಸಿದ್ದು ಯಾರು, ಅವರಿಗೆ ಆಮೇಲೆ ಏನಾಯ್ತು? ಹೊಸಬರು ಸೇರಿದರೆ ‘ಇಲ್ಲಿ ಹುಷಾರಾಗಿರು’ ಎಂದು ಯಾವ ವಿಷಯಕ್ಕೆ ಹೇಳಿಕೊಡುತ್ತೀರಿ?

ನಾನು ಮೊದಲು ಹೇಳಿದ ಕಾರ್ಖಾನೆಯಲ್ಲಿ ಆ ನಿರ್ದೇಶಕರು ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸಿನ ಎದುರು ಸ್ಟೂಲ್ ಎಳೆದು ಕೂತರು. ‘ತಪ್ಪು ಕಂಡರೆ ಯಾರಿಗೆ ಹೇಳ್ತೀರಮ್ಮ?’ ಎಂದರು. ಆಕೆ ಸುತ್ತ ನೋಡಿ, ಕೈಯಲ್ಲಿದ್ದ ಟೇಪ್ ಕೆಳಗಿಟ್ಟು, ‘ಯಾರಿಗೂ ಹೇಳಲ್ಲ ಸಾರ್. ಹೇಳಿದೋರನ್ನ ಮಾರನೇ ದಿನ ನಿಂತ್ಕೊಂಡು ಮಾಡೋ ಲೈನಿಗೆ ಹಾಕ್ತಾರೆ’ ಎಂದರು. ಅಷ್ಟೇ ಮಾತು. ಬೋರ್ಡಿಗೆ ಮೂರು ವರ್ಷದಲ್ಲಿ ಸಿಗದ ಮಾಹಿತಿ ಒಂದೇ ನಿಮಿಷದಲ್ಲಿ ಸಿಕ್ಕಿತು.

ಆ ಜಾಗದಲ್ಲೇ ಮ್ಯಾನೇಜರನ್ನು ಕರೆದು ತರಾಟೆಗೆ ತೆಗೆದುಕೊಳ್ಳಬೇಡಿ. ಆಜ್ಞೆ ಮಾಡುವುದು ಎಂಡಿ ಕೆಲಸ. ನೀವು ಕೇಳಿ, ನೋಡಿ, ಹೆಸರು ಹೇಳದೆ ಬೋರ್ಡಿನಲ್ಲಿ ಇಡಿ. ಯಾರು ಹೇಳಿದರು ಎಂಬ ಸುಳಿವು ಹೊರಗೆ ಬಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಬ್ರಿಟನ್ನಿನ ಸಂಹಿತೆ ನೌಕರರ ದನಿ ಬೋರ್ಡಿಗೆ ತಲುಪಲು ಮೂರು ದಾರಿ ಹೇಳುತ್ತದೆ: ನೌಕರರ ನಡುವಿನಿಂದಲೇ ಒಬ್ಬ ನಿರ್ದೇಶಕರು, ನೌಕರರ ಸಲಹಾ ಸಮಿತಿ, ಅಥವಾ ಆ ಹೊಣೆ ಹೊತ್ತ ಒಬ್ಬ ನಾನ್-ಎಕ್ಸಿಕ್ಯುಟಿವ್ (ದಿನನಿತ್ಯದ ಆಡಳಿತದಲ್ಲಿ ಇಲ್ಲದ) ನಿರ್ದೇಶಕರು. ನಮ್ಮ ಕಂಪನಿಗಳಿಗೆ ಮೂರನೆಯದು ಸುಲಭ. ಯೂನಿಯನ್ ಇರುವಲ್ಲಿ ಅದರ ಮುಖಂಡರ ಜೊತೆಗೂ ವರ್ಷಕ್ಕೊಮ್ಮೆ ಕೂತು ಮಾತಾಡಿ.

ಹಂತ 4: ದೂರಿಗೆ ದಾರಿ ಮಾಡಿ, ಹೇಳಿದವರನ್ನು ಕಾಯಿರಿ

ಷೇರುಪೇಟೆಯಲ್ಲಿರುವ ಕಂಪನಿ, ಸಾರ್ವಜನಿಕರಿಂದ ಠೇವಣಿ ಪಡೆದ ಕಂಪನಿ, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಜಾಸ್ತಿ ಸಾಲ ಪಡೆದ ಕಂಪನಿ ಇವೆಲ್ಲ ವಿಜಿಲ್ ಮೆಕಾನಿಸಂ (ತಪ್ಪು ಕಂಡವರು ದೂರು ಹೇಳುವ ವ್ಯವಸ್ಥೆ) ಇಟ್ಟುಕೊಳ್ಳಲೇಬೇಕು. ಹೇಳಿದವರಿಗೆ ಕಿರುಕುಳ ಆಗದಂತೆ ರಕ್ಷಣೆ ಇರಬೇಕು, ಅಗತ್ಯ ಬಿದ್ದರೆ ಆಡಿಟ್ ಕಮಿಟಿ (ಲೆಕ್ಕಪತ್ರ ನೋಡುವ ಬೋರ್ಡಿನ ಸಮಿತಿ) ಅಧ್ಯಕ್ಷರನ್ನು ನೇರವಾಗಿ ತಲುಪುವಂತಿರಬೇಕು ಎಂದು ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಕಂಪನಿ ಈ ಮಿತಿಗಿಂತ ಕೆಳಗಿದ್ದರೂ ಮಾಡಿ.

ಮಾಡುವ ರೀತಿ ಹೀಗೆ. ದೂರು ಹೋಗುವ ಫೋನ್ ನಂಬರ್ ಮತ್ತು ಇ-ಮೇಲ್ ಎಂಡಿ ಕೈಯಲ್ಲಿ ಇರಬಾರದು, ಆಡಿಟ್ ಕಮಿಟಿ ಅಧ್ಯಕ್ಷರಿಗೆ ನೇರ ಹೋಗಲಿ. ಹೆಸರಿಲ್ಲದ ದೂರನ್ನೂ ತೆಗೆದುಕೊಳ್ಳಿ. ಬಾಯಿಮಾತಿನ ದೂರನ್ನು ಬರೆದುಕೊಳ್ಳಲು ಕನ್ನಡ ಬರುವ ಒಬ್ಬರು ಇರಲಿ. ಎರಡು ದಿನದೊಳಗೆ ‘ನಿಮ್ಮ ಮಾತು ತಲುಪಿದೆ’ ಎಂಬ ಉತ್ತರ ಹೋಗಲಿ. ವಿಚಾರಣೆಯನ್ನು ಆ ವಿಭಾಗಕ್ಕೆ ಸಂಬಂಧವಿಲ್ಲದವರು ಮಾಡಲಿ. ದೂರು ಎಂಡಿ ಮೇಲೆಯೇ ಇದ್ದರೆ ಹೊರಗಿನವರನ್ನೇ ಕರೆಯಿರಿ.

ಬಹಳ ಕಂಪನಿಗಳು ಬಿಡುವ ಕೆಲಸ ಇದರ ನಂತರ ಇದೆ. ದೂರು ಮುಗಿದು 6 ತಿಂಗಳಾದಾಗ ಒಮ್ಮೆ, ವರ್ಷವಾದಾಗ ಇನ್ನೊಮ್ಮೆ, ಹೇಳಿದವರ ಸ್ಥಿತಿ ನೋಡಿ. ಇಂಕ್ರಿಮೆಂಟ್ ಎಷ್ಟು ಬಂತು? ವರ್ಗಾವಣೆ ಆಯಿತೇ? ಶಿಫ್ಟ್ ಬದಲಾಯಿತೇ? ಕೆಲಸದಲ್ಲೇ ಇದ್ದಾರೆಯೇ? ಸೇಡು ಯಾವತ್ತೂ ಮಾರನೇ ದಿನವೇ ಬರಬೇಕೆಂದಿಲ್ಲ. ಮುಂದಿನ ಮಾರ್ಚ್‌ನಲ್ಲಿ, ಅಪ್ರೈಸಲ್ ಹಾಳೆಯ ಮೇಲೆ, ‘ತಂಡದ ಜೊತೆ ಹೊಂದಿಕೊಳ್ಳುವುದಿಲ್ಲ’ ಎಂಬ ಸಾಲಾಗಿ ಬರುತ್ತದೆ. ಆ ಸಾಲನ್ನು ಓದಿ ಪ್ರಶ್ನೆ ಕೇಳುವವರು ಬೋರ್ಡಿನಲ್ಲಿ ಇದ್ದಾರೆ ಅಂತ ಗೊತ್ತಾದರೆ ಬರೆಯುವವರ ಕೈ ತಡೆಯುತ್ತದೆ.

ಲೈಂಗಿಕ ಕಿರುಕುಳದ ದೂರಿಗೆ ದಾರಿಯೇ ಬೇರೆ, ಅದಕ್ಕೆಂದೇ 2013ರ ಇನ್ನೊಂದು ಕಾಯ್ದೆ ಇದೆ. 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಬೇಕು, ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ ಆಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿ ಕಾಗದದ ಮೇಲಷ್ಟೇ ಇದೆಯೋ ಎಂದು ತಿಳಿಯಲು ಅಧ್ಯಕ್ಷೆಯನ್ನೇ ವರ್ಷಕ್ಕೊಮ್ಮೆ ಬೋರ್ಡಿಗೆ ಕರೆಸಿ, ಎಂಡಿ ಇಲ್ಲದಾಗ ಮಾತಾಡಿಸಿ.

ಹಂತ 5: ಸಂಬಳ, ಬೋನಸ್, ಬಡ್ತಿಯಲ್ಲಿ ಕಾಣಿಸಿ

ಜನ ಭಾಷಣ ಕೇಳುವುದಿಲ್ಲ, ಯಾರಿಗೆ ಬಡ್ತಿ ಸಿಕ್ಕಿತು ಎಂದು ನೋಡುತ್ತಾರೆ. ಟಾರ್ಗೆಟ್ ಮುಟ್ಟಿಸುವ, ಆದರೆ ಕೈಕೆಳಗಿನವರನ್ನು ಅಳಿಸುವ ಮ್ಯಾನೇಜರಿಗೆ ಬಡ್ತಿ ಕೊಟ್ಟ ದಿನ ಇಡೀ ಕಂಪನಿಗೆ ನಿಮ್ಮ ಮೌಲ್ಯ ಏನೆಂದು ಗೊತ್ತಾಗಿಬಿಡುತ್ತದೆ.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕಥೆ ಇಲ್ಲಿ ತುಂಬ ಮುಖ್ಯ. ಪ್ರತಿ ಗ್ರಾಹಕರಿಗೂ 8 ಬಗೆಯ ಖಾತೆ, ಸೇವೆ ಮಾರಬೇಕು ಎಂಬ ಒತ್ತಡ ಅಲ್ಲಿತ್ತು. ಶಾಖೆಯ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆಯತೊಡಗಿದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರನ್ನು ಇದೇ ಕಾರಣಕ್ಕೆ ತೆಗೆದಿದ್ದರು. ಮರುವರ್ಷ ಸ್ವತಂತ್ರ ನಿರ್ದೇಶಕರು ಮಾಡಿಸಿದ ತನಿಖೆಯಲ್ಲಿ ಬಂದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. 2015ರಲ್ಲಿ ಬೋರ್ಡಿನ ಕಮಿಟಿಗೆ ಹೇಳಿದ್ದು 230 ಜನರನ್ನು ತೆಗೆದಿದ್ದೇವೆ ಎಂದು. ಪೂರ್ತಿ ಲೆಕ್ಕ ನಿರ್ದೇಶಕರಿಗೆ ತಿಳಿದದ್ದು ದಂಡ ಬಿದ್ದಾಗ. ಆ ಅಂತರದಲ್ಲೇ ಸಂಸ್ಕೃತಿ ಇದೆ. ಕೊನೆಗೆ ಬೋರ್ಡ್ ಇಬ್ಬರು ಮೇಲಧಿಕಾರಿಗಳಿಂದ ಇನ್ನೂ 7.5 ಕೋಟಿ ಡಾಲರ್ ವಾಪಸ್ ಪಡೆಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಹಾಗಾಗಿ ಎನ್‌ಆರ್‌ಸಿ (ನೇಮಕ, ಸಂಬಳ ನೋಡುವ ಬೋರ್ಡಿನ ಸಮಿತಿ) ಸದಸ್ಯರು ಮೊದಲೇ ಮಾಡಬೇಕಾದ ಕೆಲಸಗಳಿವೆ. ಎಂಡಿ ಮತ್ತು ಅವರ ಕೆಳಗಿನ ಹಿರಿಯರ ಬೋನಸ್‌ನಲ್ಲಿ ಒಂದು ಪಾಲು ‘ಹೇಗೆ ಸಾಧಿಸಿದರು’ ಎಂಬುದಕ್ಕೆ ಇರಲಿ. ಆ ಪಾಲು ನೋವು ಕೊಡುವಷ್ಟು ದೊಡ್ಡದಿರಲಿ. ಮುಂದೆ ಮೋಸ ಬಯಲಾದರೆ ಕೊಟ್ಟ ಬೋನಸ್ ವಾಪಸ್ ಪಡೆಯುವ ಷರತ್ತು ನೇಮಕದ ಕರಾರಿನಲ್ಲೇ ಇರಲಿ. ಹೊಸ ಟಾರ್ಗೆಟ್ ಒಪ್ಪುವ ಮುಂಚೆ ‘ಸರಿಯಾದ ದಾರಿಯಲ್ಲಿ ಇದನ್ನು ಮುಟ್ಟಲು ಸಾಧ್ಯವಾ?’ ಎಂದು ಕೇಳಿ, ಉತ್ತರವನ್ನು ಮಿನಿಟ್ಸ್‌ಗೆ ಹಾಕಿಸಿ. ಹೊಸ ಎಂಡಿ ಆರಿಸುವಾಗ ಅವರ ಹಿಂದಿನ ಕಂಪನಿಯ ಬಾಸ್‌ಗಿಂತ ಹೆಚ್ಚಾಗಿ ಅವರ ಕೈಕೆಳಗೆ ದುಡಿದವರನ್ನು ವಿಚಾರಿಸಿ.

ಹಂತ 6: ಬೋರ್ಡ್ ರೂಮಿನ ಒಳಗೇ ನೋಡಿಕೊಳ್ಳಿ

ಕೆಳಗಿನವರು ನಿಜ ಹೇಳಬೇಕು ಎನ್ನುವ ನಿರ್ದೇಶಕರು ಮೊದಲು ಪರಸ್ಪರ ನಿಜ ಹೇಳಬೇಕು. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಬೋರ್ಡಿನಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು. 2008ರ ಡಿಸೆಂಬರ್ 16ರಂದು ಅದೇ ಬೋರ್ಡ್, ಅಧ್ಯಕ್ಷ ರಾಮಲಿಂಗ ರಾಜು ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು. 2009ರ ಜನವರಿ 7ರಂದು ರಾಜು ಲೆಕ್ಕದ ಮೋಸ ಒಪ್ಪಿ ಪತ್ರ ಬರೆದರು. ಸರ್ಕಾರ ಬೋರ್ಡನ್ನೇ ಬದಲಿಸಿತು. ಓದು, ಹೆಸರು ಯಾವುದಕ್ಕೂ ಆ ಮೇಜಿನಲ್ಲಿ ಕೊರತೆ ಇರಲಿಲ್ಲ. ಆದರೆ ‘ಬೇಡ’ ಎಂಬ ನಿರ್ಧಾರ ಆ ಕೋಣೆಯೊಳಗೆ ಆಗಲಿಲ್ಲ, ಹೊರಗಿನಿಂದ ಬಂತು.

ನಮ್ಮ ಕುಟುಂಬದ ಕಂಪನಿಗಳಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಅಧ್ಯಕ್ಷರು ದೊಡ್ಡಪ್ಪ, ಎಂಡಿ ಅವರ ಮಗ, ಸ್ವತಂತ್ರ ನಿರ್ದೇಶಕರು ದೊಡ್ಡಪ್ಪನ ಕಾಲೇಜು ಗೆಳೆಯ. ದೊಡ್ಡವರ ಎದುರು ಮಾತಾಡಬಾರದು ಎಂದು ನಮ್ಮನ್ನು ಬೆಳೆಸಿರುತ್ತಾರೆ. ಅದಕ್ಕೇ ಭಿನ್ನಾಭಿಪ್ರಾಯಕ್ಕೆ ಒಂದು ಜಾಗವನ್ನೇ ಕಟ್ಟಬೇಕು. ಅಧ್ಯಕ್ಷರು ಕೊನೆಯಲ್ಲಿ ಮಾತಾಡಲಿ. ದೊಡ್ಡ ನಿರ್ಧಾರದ ಮುಂಚೆ ಒಬ್ಬ ನಿರ್ದೇಶಕರಿಗೆ ವಿರುದ್ಧ ವಾದ ತಯಾರಿಸುವ ಕೆಲಸ ಕೊಡಿ, ಸರದಿ ಪ್ರಕಾರ. ಕಾಗದ ಪತ್ರ 7 ದಿನ ಮುಂಚೆ ತಲುಪಲಿ. ಹಿಂದಿನ ರಾತ್ರಿ ಬಂದ ಕಡತದ ಮೇಲೆ ಯಾರೂ ಒಳ್ಳೆಯ ಪ್ರಶ್ನೆ ಕೇಳಲಾರರು. ಒಪ್ಪದವರ ಹೆಸರು ಮಿನಿಟ್ಸ್‌ನಲ್ಲಿ ಬರಲಿ, ಅದಕ್ಕೆ ಮುಜುಗರ ಬೇಡ. ಸ್ವತಂತ್ರ ನಿರ್ದೇಶಕರು ವರ್ಷಕ್ಕೆ ಒಮ್ಮೆಯಾದರೂ ಮ್ಯಾನೇಜ್‌ಮೆಂಟ್ ಇಲ್ಲದೆ ಸೇರಬೇಕೆಂದು ಕಂಪನಿ ಕಾಯ್ದೆಯ ನಾಲ್ಕನೇ ಷೆಡ್ಯೂಲ್ ಹೇಳುತ್ತದೆ. ಅದನ್ನು ಸಹಿಗಾಗಿ ಸುಮ್ನೆ 10 ನಿಮಿಷದಲ್ಲಿ ಮುಗಿಸಬೇಡಿ.

ನಿರ್ದೇಶಕರ ಖರ್ಚಿನ ಬಿಲ್ಲುಗಳನ್ನು ಅಕೌಂಟ್ಸ್ ವಿಭಾಗದ ಹುಡುಗರು ನೋಡುತ್ತಾರೆ ಎಂಬುದನ್ನೂ ಮರೆಯಬೇಡಿ.

ಹಂತ 7: ವರ್ಷದ ಕ್ಯಾಲೆಂಡರ್ ಹಾಕಿ

ಏಪ್ರಿಲ್-ಜೂನ್: ನಿರ್ಣಯ, ಒಂದು ಪುಟದ ಲೆಕ್ಕ, ಬೋನಸ್ ನಿಯಮ. ಜುಲೈ-ಸೆಪ್ಟೆಂಬರ್: ಮೊದಲ ಭೇಟಿ, ಆಂತರಿಕ ಸಮಿತಿ ಅಧ್ಯಕ್ಷೆಯ ಜೊತೆ ಮಾತು. ಅಕ್ಟೋಬರ್-ಡಿಸೆಂಬರ್: ಎರಡನೇ ಭೇಟಿ, ಬೇಕಾದರೆ ಹೊರಗಿನವರಿಂದ ನೌಕರರ ಸರ್ವೆ. ಜನವರಿ-ಮಾರ್ಚ್: ಹಳೆಯ ದೂರುದಾರರ ಸ್ಥಿತಿ, ಬೋರ್ಡಿನ ಸ್ವಂತ ಮೌಲ್ಯಮಾಪನ, ಎಂಡಿ ಮೌಲ್ಯಮಾಪನ. ಮೊದಲ ವರ್ಷ ಇಷ್ಟು ಸಾಕು. ಎರಡನೇ ವರ್ಷದಲ್ಲಿ ಅಂಕಿಗಳಿಗೆ ಅರ್ಥ ಬರುತ್ತದೆ, ಹೋಲಿಸಲು ಹಿಂದಿನದು ಇರುತ್ತದೆ.

ಹಂತ 8: ಕೇಳಿಸಿಕೊಂಡದ್ದಕ್ಕೆ ಏನು ಮಾಡಿದಿರಿ ಎಂದು ಜನಕ್ಕೆ ಹೇಳಿ

ಹೇಳಿದ್ದು ಎಲ್ಲಿಗೆ ಹೋಯಿತು ಎಂದು ಗೊತ್ತಾಗದಿದ್ದರೆ ಎರಡನೇ ಸಲ ಯಾರೂ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ, ಹೆಸರಿಲ್ಲದೆ, ಬಂದ ದೂರು ಎಷ್ಟು, ಸರಿಪಡಿಸಿದ್ದು ಏನು, ಆಗದೆ ಉಳಿದದ್ದು ಯಾಕೆ ಎಂದು ಹಾಕಿಸಿ. ಆಗದ್ದನ್ನು ಆಗದು ಎಂದು ಹೇಳುವುದೂ ಗೌರವವೇ.

ಆ ಕಾರ್ಖಾನೆಯಲ್ಲಿ ನಿರ್ದೇಶಕರು ಪೆಟ್ಟಿಗೆಯನ್ನು ಅಲ್ಲಿಂದ ತೆಗೆಸಿ, ಕ್ಯಾಮೆರಾ ಇಲ್ಲದ, ಲಾಕರ್ ಕೋಣೆಗೆ ಹೋಗುವ ಓಣಿಯಲ್ಲಿ ಹಾಕಿಸಿದರು. ಬೀಗದ ಕೈ ಆಡಿಟ್ ಕಮಿಟಿ ಅಧ್ಯಕ್ಷರಿಗೆ ಹೋಯಿತು. ಎರಡು ತಿಂಗಳು ಏನೂ ಬರಲಿಲ್ಲ. ಮೂರನೇ ತಿಂಗಳು ಪ್ಯಾಕಿಂಗ್ ಲೇಬಲ್‌ನ ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಒಂದು ಚೀಟಿ ಸಿಕ್ಕಿತು: ‘ಎರಡನೇ ಶಿಫ್ಟಿಗೆ ಕುಡಿಯೋ ನೀರು ಇರಲ್ಲ.’ ಅಧ್ಯಕ್ಷರು ಅದನ್ನು ಬೋರ್ಡ್ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದರು. ಮಾರನೇ ವಾರ ಫಿಲ್ಟರ್ ಬಂತು, ಪಕ್ಕದಲ್ಲಿ ‘ನಿಮ್ಮ ಚೀಟಿಯಿಂದ’ ಎಂದು ಬರೆದು ಅಂಟಿಸಿದರು. ಆ ತ್ರೈಮಾಸಿಕದ ಕೊನೆಗೆ ಪೆಟ್ಟಿಗೆಯಲ್ಲಿ 11 ಚೀಟಿ ಇದ್ದವು. ಅದರಲ್ಲಿ ಒಂದು ನಿಂತು ಕೆಲಸ ಮಾಡುವ ಲೈನಿನ ಬಗ್ಗೆ.